ಹಿಂದಿನ ಬ್ರೇಕು, ಎದುರಿನ ಅಂಗಡಿ

ಬೈಕ್ ರಿಪೇರಿ ಅಂಗಡಿ ಇಟ್ಟವನು ನಗೆಪ್ರಸಂಗ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಅವೇ ಗಾಡಿ ತಳ್ಳಿಕೊಂಡು ಬಾಗಿಲಿಗೆ ಬರುತ್ತವೆ. ನನ್ನ ಅಂಗಡಿ ಸೇಡಂನ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿದೆ. ಸುತ್ತಲಿನ ಫ್ಯಾಕ್ಟರಿಗಳ ಸಿಮೆಂಟಿನ ಧೂಳು ಹಿಂದಿನ ಗಾಲಿಯ ಡ್ರಮ್ಮಿಗೆ ಹೊಕ್ಕು ಬ್ರೇಕ್ ಕೆಡಿಸುತ್ತದೆ, ಅದರಿಂದ ನನ್ನ ಹೊಟ್ಟೆ ತುಂಬುತ್ತದೆ. ಆ ಹೊಟ್ಟೆ ಉರಿಯತೊಡಗಿದ್ದು, ಇನ್ನೊಬ್ಬ ಮಿಸ್ತ್ರಿ ನನ್ನ ಎದುರಿಗೇ ಅಂಗಡಿ ತೆರೆದ ಮೇಲೆ.

ಬಿಗಿ ಬ್ರೇಕು

ಅವನ ಬೋರ್ಡು ನನ್ನದಕ್ಕಿಂತ ದೊಡ್ಡದು. ಮೇಲೆ ಕೆಂಪಕ್ಷರದಲ್ಲಿ ‘ಬ್ರೇಕ್ ಸ್ಪೆಷಲಿಸ್ಟ್’. ನನ್ನ ಗಿರಾಕಿಗಳು ನನ್ನ ಅಂಗಡಿ ಮುಂದಿನ ಬೇವಿನ ಮರದ ನೆರಳಲ್ಲಿ ನಿಂತು ಬೆವರು ಒರೆಸಿಕೊಂಡು, ನನಗೇ ನಮಸ್ಕಾರ ಹೇಳಿ, ರಸ್ತೆ ದಾಟಿ ಅವನ ಹತ್ತಿರ ಹೋಗುತ್ತಿದ್ದರು. ನಾನು ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತ, ಯಾರ್ಯಾರು ಹೋದರು ಎಂದು ನೋಡುತ್ತಿದ್ದೆ.

ಒಂದು ದಿನ ನನ್ನ ಹಳೆಯ ಗಿರಾಕಿ, ಶಾಲೆಯ ಮಾಸ್ತರರು, ಅಲ್ಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಗಾಡಿ ತಳ್ಳುತ್ತ, ಏದುಸಿರು ಬಿಡುತ್ತ ನನ್ನ ಬಾಗಿಲಿಗೆ ಬಂದರು.

“ಏನ್ರಿ ಮಾಸ್ತರ್, ಪೆಟ್ರೋಲ್ ತೀರ್ತೇನ್ರಿ?”

“ಪೆಟ್ರೋಲ್ ಅದ. ಬ್ರೇಕ್ ಹಿಡೀವಲ್ದು ಅಂತ ಎದುರಿಗಿ ಕೊಟ್ಟೆ. ಈಗ ಬಿಡವಲ್ದು!”

ನನ್ನ ಹೊಟ್ಟೆಗೆ ತಣ್ಣನೆಯ ಮಜ್ಜಿಗೆ ಇಳಿದಂತಾಯಿತು. ಮುಟ್ಟಿ ನೋಡಿದರೆ ಡ್ರಮ್ಮು ರೊಟ್ಟಿ ಹಂಚಿನಂತೆ ಕಾದಿತ್ತು. ಬ್ರೇಕಿನ ನಟ್ಟನ್ನು ವಿಪರೀತ ಬಿಗಿ ಮಾಡಿದ್ದ. ಸಡಿಲು ಮಾಡಿ ಗಾಲಿ ತಿರುಗಿಸಿ ತೋರಿಸಿದೆ. ಎದುರಿನವನಿಗೆ ಕೇಳಲೆಂದು ಗಟ್ಟಿಯಾಗಿ ಹೇಳಿದೆ: “ಬಿಗಿ ಮಾಡೋದು ಯಾರಿಗ್ಯಾದ್ರೂ ಬರ್ತದ್ರಿ ಮಾಸ್ತರ್. ಎಲ್ಲಿಗಿ ಬಿಡಬೇಕು ಅಂಬೋದು ಗೊತ್ತಿರಬೇಕು!”

ಮಾಸ್ತರರು ಗಾಡಿ ಹತ್ತಿ ಕೂತು ಅಷ್ಟೇ ಗಟ್ಟಿಯಾಗಿ ಹೇಳಿದರು: “ಖರೆ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಂವ ರಿಪೇರಿ ಮಾಡಿದ ಮ್ಯಾಲ ಗಾಡಿ ನಿಂತಿದ್ದು ಹೊಂಡವಲ್ದಾಗಿತ್ತು. ಹೋದ ತಿಂಗಳು ನೀವು ಮಾಡಿದ ಮ್ಯಾಲ ಹೊಂಟಿದ್ದು ನಿಂದ್ರವಲ್ದಾಗಿತ್ತು.”

ದೊಡ್ಡಳಿಯ

ಹೊಟ್ಟೆಕಿಚ್ಚು ಮಿಸ್ತ್ರಿಗಳಿಗಷ್ಟೇ ಬರುವ ರೋಗವಲ್ಲ. ಕೊಡ್ಲಿ ಊರಿನ ಕಡೆಯ ಒಬ್ಬ, ಚಿತ್ತಾಪುರದ ಒಂದು ಮನೆಯ ದೊಡ್ಡಳಿಯ, ಮುಂಜಾನೆ ಒಬ್ಬನೇ ಬಂದು ನನ್ನ ಕಿವಿಯಲ್ಲಿ ಹೇಳಿದ: “ಸಂಜಿಗಿ ನಮ್ಮ ಅತ್ತಿನ್ನ ಕರ್ಕೊಂಡು ಬರ್ತೀನ್ರಿ. ಈ ಗಾಡಿ ಹಿಂದಿನ ಬ್ರೇಕ್ ಇನ್ನ ರಿಪೇರಿ ಆಗಲ್ಲ ಅಂತ ನೀವು ಹೇಳಬೇಕು.”

“ಯಾಕೋ ಮಾರಾಯಾ?”

“ಸಣ್ಣಳಿಯ ಶಹಾಬಾದದಂವ. ಅವಂಗ ಹೊಸ ಗಾಡಿ ಕೊಡಿಸ್ಯಾರ. ಹಿಂದಿನ ಗಾಲಿಗಿ ಸುದ್ದಾ ಡಿಸ್ಕ್ ಬ್ರೇಕ್ ಅದ. ನಾ ದೊಡ್ಡಂವ, ಇನ್ನಾ ಡ್ರಮ್ಮಿನ ಮ್ಯಾಲೇ ಅದೀನಿ!”

ಅವನ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು. ಸಂಜೆ ಅತ್ತೆ ಹಿಂದೆ ಕೂತು ಬಂದರು. ನಾನು ಗಾಲಿ ಬಿಚ್ಚಿ, ಇಣುಕಿ ನೋಡಿ, ಸತ್ತ ಮನೆಗೆ ಹೋದವನಂತೆ ತಲೆ ಅಲ್ಲಾಡಿಸಿದೆ. “ಅವ್ವಾ, ಇದರ ಕಥಿ ಮುಗೀತ್ರಿ.”

ಅತ್ತೆ ಮೂಗು ಸವರಿಕೊಂಡರು. “ಬರೋ ಮುಂದ ಎಮ್ಮಿ ಅಡ್ಡ ಬಂತಪ್ಪಾ. ಗಕ್ಕನ ನಿಂದ್ರಿಸಿದ. ಅವನ ಬೆನ್ನಿಗಿ ಬಡದು ನನ್ನ ಮೂಗು ಇನ್ನಾ ನೋಯಲಿಕತ್ತದ. ಗಾಡೀದು ಬ್ರೇಕ್ ಭಾಳ ಛಲೋ ಅದ. ಇವನ ಹೊಟ್ಟೆಕಿಚ್ಚಿಗಿ ಒಂದು ಬ್ರೇಕ್ ಸಿಕ್ರ ಹಾಕಿ ಕೊಡು.”

ವಾಡಿಯ ಉಸ್ತಾದ್

ಕಡೆಗೊಮ್ಮೆ ನನ್ನ ಗಾಡಿಯ ಹಿಂದಿನ ಬ್ರೇಕೇ ಚೀರತೊಡಗಿತು. ಧೂಳು ತೆಗೆದೆ, ಬ್ರೇಕ್ ಶೂ ತಿಕ್ಕಿದೆ, ಹೊಸದನ್ನೇ ಹಾಕಿದೆ. ಕಾಲಿಟ್ಟರೆ ಸಾಕು, ‘ಚೀ’ ಎನ್ನುತ್ತಿತ್ತು. ಎದುರಿನವನ ಹತ್ತಿರ ಹೋಗುವುದಕ್ಕಿಂತ ಗಾಡಿ ಕಾಗಿಣಾ ನದಿಗೆ ನೂಕುವುದು ಮೇಲು. ಕೊನೆಗೆ ಅಂಗಡಿ ಮುಚ್ಚಿ, ನನ್ನ ಮುಖ ಯಾರಿಗೂ ಗೊತ್ತಿರದ ವಾಡಿಗೆ ಹೋದೆ. ಅಲ್ಲಿಯ ಉಸ್ತಾದ್ ಹೆಸರುವಾಸಿ ಮಿಸ್ತ್ರಿ.

ಉಸ್ತಾದರ ಅಂಗಡಿಯ ಬೆಂಚಿನ ಮೇಲೆ ನಮ್ಮ ಎದುರಿನ ಮಿಸ್ತ್ರಿ ಕೂತಿದ್ದ. ಪಕ್ಕದಲ್ಲಿ ಅವನ ಗಾಡಿ.

“ಏನ್ರಿ, ಈ ಕಡಿ?” ಅಂದೆ.

“ಬೀಗರ ಮನಿಗಿ ಬಂದಿದ್ದೆ. ನೀವು?”

“ನಾನೂ ಬೀಗರ ಮನಿಗೇ.”

ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತೆವು. ಬಹಳ ಹೊತ್ತಾದರೂ ಉಸ್ತಾದರ ಸುಳಿವಿಲ್ಲ. ಬಾಜುವಿನ ಪಾನ್ ಅಂಗಡಿಯವನಿಗೇ ತಡೆಯದಾಯಿತು.

“ಎಷ್ಟೊತ್ತು ಕುಂದರ್ತೀರಿ? ಉಸ್ತಾದ್ ಇಲ್ರಿ. ಅವರ ಗಾಡೀದೇ ಹಿಂದಿನ ಬ್ರೇಕ್ ತ್ರಾಸ್ ಕೊಡಲಿಕತ್ತದ. ಸೇಡಂದಾಗ ಯಾರೋ ಭಾರಿ ಮಿಸ್ತ್ರಿ ಅದಾರಂತ, ಅಲ್ಲಿಗಿ ಹೋಗ್ಯಾರ.”

“ಯಾರ ಅಂಗಡಿಗಿ?” ಇಬ್ಬರೂ ಒಮ್ಮೆಲೇ ಎದ್ದು ಕೇಳಿದೆವು.

“ಅದು ಗೊತ್ತಿಲ್ರಿ. ಬಸ್ ಸ್ಟ್ಯಾಂಡ್ ರಸ್ತೆದಾಗ ಅಂದ್ರು.”

ಆಮೇಲೆ ಬೀಗರೂ ನೆನಪಾಗಲಿಲ್ಲ, ಬ್ರೇಕೂ ನೆನಪಾಗಲಿಲ್ಲ. ಇಬ್ಬರೂ ಕಿಕ್ ಹೊಡೆದೆವು. ಚಿತ್ತಾಪುರದಲ್ಲಿ ಅವನು ಮುಂದೆ, ಅದು ದಾಟಿದ ಮೇಲೆ ನಾನು ಮುಂದೆ. ಉಸ್ತಾದ್ ನನ್ನ ಬಾಗಿಲಲ್ಲಿ ನಿಂತಿರಬೇಕು, ಅದನ್ನು ಇವನು ಕಣ್ಣಾರೆ ನೋಡಬೇಕು. ನನ್ನ ಜೀವ ಅಷ್ಟಕ್ಕೇ ಬಡಿದುಕೊಳ್ಳುತ್ತಿತ್ತು.

ಸೇಡಂ ತಲುಪಿದಾಗ ಉಸ್ತಾದ್ ಗಾಡಿ ಹಿಡಿದುಕೊಂಡು ನಟ್ಟನಡು ರಸ್ತೆಯಲ್ಲಿ ನಿಂತಿದ್ದರು. ಈ ಕಡೆ ನನ್ನ ಶಟರ್ ಬಂದ್, ಆ ಕಡೆ ಅವನ ಶಟರ್ ಬಂದ್. ನಾವಿಬ್ಬರೂ ಒಮ್ಮೆಲೇ ಬ್ರೇಕ್ ತುಳಿದೆವು. ಎರಡೂ ಗಾಡಿ ಚೀರಿದ ಸಪ್ಪಳಕ್ಕೆ ಚಹಾದಂಗಡಿಯ ಮುಂದಿನ ಆಡುಗಳು ದಿಕ್ಕಾಪಾಲಾಗಿ ಓಡಿದವು.

ಉಸ್ತಾದ್ ಕಿವಿ ಮುಚ್ಚಿಕೊಂಡು ನಮ್ಮಿಬ್ಬರ ಗಾಡಿಗಳನ್ನು ನೋಡಿದರು. ಆಮೇಲೆ ಚಹಾದಂಗಡಿಯವನ ಕಡೆ ತಿರುಗಿದರು.

“ನಾ ವಾಪಸ್ ಹೊಂಟೆ ಭಾಯ್. ಈ ಊರಾಗ ಒಬ್ಬರಾದ್ರೂ ಛಲೋ ಮಿಸ್ತ್ರಿ ಇದ್ದಿದ್ರ, ಪಾಪ, ಇವರಿಬ್ಬರ ಗಾಡಿ ಹಿಂಗ್ಯಾಕ ಚೀರ್ತಿದ್ವು?”