ಒಂದು ಹಾರ್ಮೋನಿನ ಗಂಡ, ಎರಡು ಹಾರ್ಮೋನಿನ ಹೆಂಡತಿ

ಟೈಲರಪ್ಪನ ಮನೆಯಲ್ಲಿ ನಗು ಬತ್ತಿದ್ದು ಆ ಎರಡು ಇಂಜೆಕ್ಷನ್ ಪೆನ್ನುಗಳು ಫ್ರಿಜ್ಜಿಗೆ ಕಾಲಿಟ್ಟ ಮೇಲೆ. ಗಂಡಹೆಂಡಿರಿಬ್ಬರಿಗೂ ಸಕ್ಕರೆ ಕಾಯಿಲೆ. ಇಬ್ಬರ ಸುತ್ತಳತೆಗೂ ಅಂಗಡಿಯ ಟೇಪು ಸಾಲದೆ ಇನ್ನೊಂದನ್ನು ಗಂಟು ಹಾಕುತ್ತಿದ್ದನಂತೆ. (ಬೀದಿಯವರು ಹೇಳಿದ್ದು; ಗಂಟನ್ನು ನಾನಂತೂ ನೋಡಿಲ್ಲ.)

ಡಾಕ್ಟರಮ್ಮ ಅವನಿಗೆ ಬರೆದದ್ದು ಕರುಳಿನ ಒಂದು ಹಾರ್ಮೋನಿನಂತೆ ನಟಿಸುವ ಮದ್ದು. ಅವಳಿಗೆ, ಎರಡು ಹಾರ್ಮೋನುಗಳ ವೇಷ ಕಟ್ಟುವ ಮದ್ದು. ಎರಡನ್ನೂ ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಎರಡೂ ಹಸಿವಿನ ಕತ್ತು ಹಿಸುಕುವಂಥವೇ.

"ಅವಳಿಗೆ ಜೋಡೆತ್ತು, ನಂಗೆ ಒಂಟೆತ್ತಾ? ಇದ್ಯಾವ ನ್ಯಾಯ ಡಾಕ್ಟ್ರೇ?"

"ಜೋಡಿ ಮದ್ದು ಸಾಮಾನ್ಯವಾಗಿ ತೂಕ ಸ್ವಲ್ಪ ಹೆಚ್ಚು ಇಳಿಸುತ್ತೆ, ನಿಜ. ಆದ್ರೆ ನಿಮಗೆ ಒಂದ್ಸಲ ಹೃದಯಾಘಾತ ಆಗಿದೆಯಲ್ಲ, ಅಂಥವರಲ್ಲಿ ನಿಮ್ಮ ಈ ಒಂಟಿ ಮದ್ದನ್ನೇ ಹೆಚ್ಚು ಪರೀಕ್ಷೆ ಮಾಡಿ ನೋಡಿದ್ದಾರೆ. ಮೂರು ತಿಂಗಳು ನೋಡೋಣ. ಸಕ್ಕರೆ ಇಳೀದಿದ್ರೆ ಮಾತ್ರ ದಿನಾ ಇನ್ಸುಲಿನ್."

ದಿನಾ ಸೂಜಿ! ಜೀವಮಾನವೆಲ್ಲ ಸೂಜಿಯಲ್ಲಿ ಅನ್ನ ದುಡಿದವನು ಆ ಮಾತು ಕೇಳಿ ಒಂಟೆತ್ತಿನ ಚೀಟಿಯನ್ನೇ ಜೇಬಿಗಿಳಿಸಿಕೊಂಡು ಎದ್ದ.

ಹೆಂಡತಿಯ ಹಸಿವು ಹೇಳದೆ ಕೇಳದೆ ಮನೆ ಬಿಟ್ಟಿತು. ಅದರ ಹಿಂದೆಯೇ ಮಾತೂ ಹೋಯಿತು. ಆ ದಂಪತಿ ಇಷ್ಟು ವರ್ಷ ಜಗಳವಾಡಿದ್ದೂ ರಾಜಿಯಾದದ್ದೂ ಉಪ್ಪುಖಾರದ ಮೇಲೇ ತಾನೆ? ಈಗ ಅವಳು ನಾಲ್ಕು ತುತ್ತು ತಿಂದು ತಟ್ಟೆ ಸರಿಸುವಳು. "ಸಾಕು ಕಣ್ರೀ, ವಾಕರಿಕೆ ಬರುತ್ತೆ." ಸಾವಿನ ಮನೆಯೂ ಅದಕ್ಕಿಂತ ಗಲಗಲ ಅನ್ನುತ್ತಿತ್ತು.

ಅಂಗೈಯಗಲ ಬಟ್ಟೆಚೂರನ್ನೂ ಎಸೆಯದ ಟೈಲರಪ್ಪ ಅರ್ಧ ತಟ್ಟೆ ಊಟ ಎಸೆದಾನೆಯೇ? ಎಳೆದುಕೊಂಡು ಮುಗಿಸುತ್ತಿದ್ದ.

"ನಿಮ್ಮ ಮದ್ದು ಹಸಿವು ಕೊಲ್ಲಲ್ವೇನ್ರೀ?"

"ಎಂದೋ ಕೊಂದಿದೆ ಕಣೇ. ಇದು ಹಸಿವಲ್ಲ, ಜವಾಬ್ದಾರಿ."

ಮೊದಮೊದಲು ಪ್ಯಾಂಟು ಬಿಗಿದು ಅವನ ಮುಖ ಬಾಡಿತು. ಆಮೇಲೆ, ಏನಾಶ್ಚರ್ಯ, ಸೊಂಟ ಸಡಿಲವಾಯಿತು! ಮೊದಲು ಬೆರಳು ತೂರಿತು, ಬರಬರುತ್ತಾ ಮುಷ್ಟಿಯೇ ತೂರಿತು. ಅಳತೆ ಕೊಡಲು ಬಂದವರಿಗೆಲ್ಲ ಮುಷ್ಟಿ ತೂರಿಸಿ ತೋರಿಸಿದ. "ಒಂಟೆತ್ತು ಜೋಡೆತ್ತನ್ನ ಮೀರಿಸ್ತು!" ಹೆಂಡತಿ 'ಹೂಂ' ಎಂದು ಗುಂಡಿ ಹೊಲಿಯುತ್ತಾ ಕೂತಳು.

ಮೂರು ತಿಂಗಳಾಯಿತು. ಆಸ್ಪತ್ರೆಯ ತೂಕದ ಯಂತ್ರದ ಮೇಲೆ ಅವಳು ಹೂವಿನ ಹಾಗೆ ಇಳಿದಿದ್ದಳು, ಅವನು ಏರಿದ್ದ. ಸಕ್ಕರೆಯೂ ಏರಿತ್ತು.

"ನಿಮ್ಮ ಯಂತ್ರ ಕೆಟ್ಟಿದೆ ಡಾಕ್ಟ್ರೇ! ಈ ಪ್ಯಾಂಟು ಸುಳ್ಳು ಹೇಳುತ್ತಾ?" ಎಂದು ಟೈಲರಪ್ಪ ಸೊಂಟಪಟ್ಟಿಯನ್ನು ಹೊರಮಗುಚಿದ. ಊರವರ ಪ್ಯಾಂಟನ್ನೆಲ್ಲ ಮಗುಚಿ ನೋಡುವವನು ತನ್ನದನ್ನು ನೋಡಿದ್ದು ಅದೇ ಮೊದಲು. ಹಿಂಬದಿಯ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿದ್ದ ಬಟ್ಟೆಯನ್ನೆಲ್ಲ ಹೊರಗೆ ಬಿಟ್ಟು, ಯಾರೋ ಸಣ್ಣಗೆ ಹೊಲಿದಿದ್ದರು. ಆ ಹೊಲಿಗೆ ಕಲಿಸಿದವನು ಅವನೇ.

"ಏನೇ ಇದು?"

"ಪ್ಯಾಂಟು ಬಿಗಿದಾಗೆಲ್ಲ ಮುಖ ಸಣ್ಣಗೆ ಮಾಡ್ಕೊಂಡು ಕೂರ್ತಿದ್ರಿ. ನೋಡೋಕಾಗ್ಲಿಲ್ಲ. ಸ್ವಲ್ಪ ಸ್ವಲ್ಪ ಬಿಚ್ಚಿಬಿಟ್ಟೆ."

ಡಾಕ್ಟರಮ್ಮ ತುಟಿ ಕಚ್ಚಿಕೊಂಡು ಇನ್ಸುಲಿನ್ ಬರೆದರು.

ಅಂದು ಮಧ್ಯಾಹ್ನ ಎಂದಿನಂತೆ ಟೈಲರಪ್ಪನ ಕೈ ಹೆಂಡತಿಯ ತಟ್ಟೆಯತ್ತ ಸಾಗಿತು. ತಟ್ಟೆ ಖಾಲಿ, ಅವಳು ಬಡಿಸಿಕೊಂಡಿದ್ದೇ ನಾಲ್ಕು ತುತ್ತು.

"ಏನೂ ಉಳಿಸಿಲ್ವೇನೇ?"

"ಬಟ್ಟೆ ಮುಗೀತು ಕಣ್ರೀ," ಎಂದಳು, "ಇನ್ನು ಬಿಚ್ಚೋಕೆ ಏನೂ ಉಳಿದಿಲ್ಲ."