ಜಾರುವ ಗಾಲಿ, ಏರುವ ಪಿತ್ತ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಕಾರಿನ ಬಾನೆಟ್ ಎತ್ತಿದರೆ ಸಾಕು, ಸಲಹೆ ಕೊಡುವವರು ಎಲ್ಲೆಲ್ಲಿಂದಲೋ ಬಂದು ಸುತ್ತ ನಿಲ್ಲುತ್ತಾರೆ. ಕೇಳಿದವರು ಯಾರು ಅಂತೀನಿ!

ಕಮರಿಪೇಟೆಯಲ್ಲಿ ನನ್ನದು ಪಾತ್ರೆ-ಭಾಂಡೆಯ ಅಂಗಡಿ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಹಳೆಯ ಸಣ್ಣ ಕಾರೊಂದನ್ನು ಕೊಂಡು ಡ್ರ್ಯಾಗ್ ರೇಸಿನ ಹುಚ್ಚು ಹತ್ತಿಸಿಕೊಂಡಿದ್ದೆ. ಎರಡು ಕಾರು ಪಕ್ಕಪಕ್ಕ ನಿಂತು, ಬಾವುಟ ಬಿದ್ದೊಡನೆ ಕಾಲು ಮೈಲಿ ನೆಟ್ಟಗೆ ಓಡುವುದು, ಅಷ್ಟೇ. ನನ್ನ ಕಾರಿಗೆ ಓಡಲು ಬರುತ್ತಿತ್ತು, ಹೊರಡಲು ಬರುತ್ತಿರಲಿಲ್ಲ. ಗಾಲಿ ನಿಂತಲ್ಲೇ ಗರಗರ ತಿರುಗಿ ಹೊಗೆಯೇಳುವಷ್ಟರಲ್ಲಿ ಧಾರವಾಡದ ನನ್ನ ಹೆಂಡತಿಯ ಅಣ್ಣ ಆ ತುದಿ ಮುಟ್ಟಿರುತ್ತಿದ್ದ. ಭಾರ ಇಳಿಯಲೆಂದು ಹಿಂದಿನ ಸೀಟು ಬೇರೆ ಕಿತ್ತಿದ್ದೆ. ಮನೆಯವರೆಲ್ಲ ಆ ಜಾಗದಲ್ಲಿ ಚಾಪೆ ಹಾಸಿಕೊಂಡು ಕೂಡುತ್ತಿದ್ದರು. ಕೊನೆಗೆ ಹೆಂಡತಿ ಖಡಾಖಂಡಿತ ಹೇಳಿದಳು:

"ಈ ಸರ್ತಿ ನಮ್ಮಣ್ಣನ ಮುಂದ ಗೆದ್ದು ತೋರಸ್ರಿ. ಸೋತ್ರ ಸೀಟು ವಾಪಸ್ ಹಾಕಸೂದು, ರೇಸು ಬಂದ್!"

ಜೋಳದ ಚೀಲ

ಸುದ್ದಿ ತಿಳಿದು ಮೊದಲು ಬಂದವರು ಅಮರಗೋಳದಲ್ಲಿ ಕಾಳಿನ ವ್ಯಾಪಾರ ಮಾಡುವ ನಮ್ಮ ಕಾಕಾ. "ಗಾಲಿ ಜಾರಾಕತ್ತಾವಂದ್ರ ಹಿಂದ ಭಾರ ಸಾಲವಲ್ದು" ಎಂದವರೇ, ನಾನು ಬೇಡಬೇಡವೆಂದರೂ ಹಮಾಲರಿಂದ ಎರಡು ಚೀಲ ಜೋಳ ಡಿಕ್ಕಿಗೆ ಹೇರಿಸಿದರು. ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ಮುಂದಿನ ಗಾಲಿಗಳಿಗೆ ಇದ್ದಬದ್ದ ಹಿಡಿತವೂ ಹೋಯಿತು.

"ಕಾಕಾ, ಈ ಗಾಡಿ ಎಳಿಯೂವು ಮುಂದಿನ ಗಾಲಿ ರೀ! ಭಾರ ಹಿಂದ ಇಟ್ರ ಏನು ಬಂತು?"

ಕಾಕಾ ನನ್ನನ್ನೇ ಮರುಕದಿಂದ ನೋಡಿದರು. "ಚಕ್ಕಡಿ ಎಳಿಯೂವೂ ಮುಂದಿನ ಎತ್ತು. ಹಂಗಂತ ಚೀಲ ಎತ್ತಿನ ಮ್ಯಾಲೆ ಹೇರ್ತಾರೇನಪಾ?"

ಪರೋಪಕಾರ

ನಮ್ಮ ಗ್ಯಾರೇಜಿನ ಮಿಸ್ತ್ರಿ ಮಾತ್ರ ಖರೇ ಮಾತು ಹೇಳಿದ: "ಮುಂದಿನ ಟಾಯರಿನ ಗಾಳಿ ಸ್ವಲ್ಪ ಇಳಸ್ರಿ ಸಾಹೇಬ್ರ, ನೆಲಾ ಛಲೋ ಹಿಡೀತಾವ." ರೇಸಿನ ದಿನ ಮನೆಯಲ್ಲೇ ಕಾಕಾನ ಚೀಲ ಇಳಿಸಿ, ಗಾಳಿಯನ್ನೂ ಇಳಿಸಿ, ನಿಧಾನವಾಗಿ ಹೊರಟೆ. ದಾರಿಯುದ್ದಕ್ಕೂ ಒಂದೇ ಭಜನೆ: "ರೀ, ಗಾಡಿ ಪಂಚರ್ ಆಗೇತ್ರಿ!" ಬಸ್ಸಿನ ಕಿಟಕಿಯಿಂದ, ಸೈಕಲ್ಲಿನಿಂದ, ಹಾಲಿನ ಕ್ಯಾನಿನ ಹಿಂದಿನಿಂದ. ತಲೆ ಚಿಟ್ಟು ಹಿಡಿದು ರಾಯಾಪುರದಲ್ಲಿ ಚಹಾಕ್ಕೆ ನಿಂತೆ. ಚಹಾ ಮುಗಿಸಿ ಬಂದರೆ, ಪಕ್ಕದ ಪಂಚರ್ ಅಂಗಡಿಯವ ಎರಡೂ ಟಾಯರಿಗೆ ಗಾಳಿ ಬಿಗಿದು ತುಂಬಿ, ಹಲ್ಲು ಕಿರಿದು ನಿಂತಿದ್ದ!

"ಯಾರ್ ಹೇಳಿದ್ರೋ ನಿನಗ? ಬೇಕಂತ ಇಳಿಸಿದ್ದೆ!" ಎಂದು ರಸ್ತೆಯಲ್ಲೇ ಕೂಗಾಡಿದೆ.

ಅವನು ತಣ್ಣಗೆ ಅಂದ: "ಗಾಳಿ ಇಳಸೂದಿದ್ರ ಮೊದಲ ತಲಿಯಾಗಿಂದು ಇಳಸ್ರೀ."

ಶುಭ ಕೆಲಸ

ರೇಸು ಇದ್ದದ್ದು ಊರ ಹೊರಗೆ, ಇನ್ನೂ ಸಂಚಾರಕ್ಕೆ ಬಿಡದ ಹೊಸ ರಸ್ತೆಯಲ್ಲಿ. ಮಿಸ್ತ್ರಿ ಮತ್ತೆ ಗಾಳಿ ಇಳಿಸಿದ. ಒಂದು ಸಲ ಹೊರಟು ನೋಡಿದೆ: ಗಾಲಿ ಜಾರಲೇ ಇಲ್ಲ, ಕಾರು ಕಿತ್ತುಕೊಂಡು ಓಡಿತು. ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಯಿತು. ಈ ಸಲ ಗೆದ್ದೆ ಅಂದುಕೊಂಡು ಮುಖ ತೊಳೆಯಲು ಹೋದೆ.

ಬರುವಷ್ಟರಲ್ಲಿ, ಮನೆಯವರ ಜೊತೆ ರೇಸು ನೋಡಲು ಬಂದಿದ್ದ ನಮ್ಮವ್ವ ಗೆರೆಯ ಮೇಲೆ ನಿಂತ ಕಾರಿಗೆ ಊದಿನಕಡ್ಡಿ ಬೆಳಗಿ, ಮುಂದಿನ ಎರಡೂ ಗಾಲಿಗೆ ನಿಂಬೆಹಣ್ಣು ಇಟ್ಟು, ಅಲ್ಲೇ ಕಾಯಿ ಒಡೆದಿದ್ದಳು. ಕಾಯಿನೀರು ಗಾಲಿಯಡಿ ಹರಿಯುತ್ತಿತ್ತು.

"ಅವ್ವಾ, ತಗೀ ಅವನ್ನ! ಗಾಲಿ ಜಾರ್ತಾವ!"

"ಶುಭ ಕೆಲಸದಾಗ ಚೀರಬ್ಯಾಡ, ಸುಮ್ನ ಕೂಡು."

ತಡೆಯಬೇಕಾದ ಬಾವುಟದವನು ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದ. ಹೆಂಡತಿಯ ಅಣ್ಣ ತನ್ನ ಕಾರಿನಿಂದಲೇ ಧಾರವಾಡದ ಸೌಜನ್ಯ ತೋರಿಸಿದ: "ಅವಸರಿಲ್ರಿ ಭಾವಾರ, ಪೂಜಾ ಸಾವಕಾಶ ಆಗ್ಲಿ."

ಬಾವುಟ ಬಿತ್ತು. ನಿಂಬೆಹಣ್ಣು ಪಚಕ್ಕೆಂದಿತು. ಗಾಲಿಗಳು ರಸದಲ್ಲಿ, ಕಾಯಿನೀರಿನಲ್ಲಿ ಗರಗರ ತಿರುಗಿದವು. ನಾನು ಗೆರೆ ಬಿಡುವಾಗ ಅವನು ಆ ತುದಿಯಲ್ಲಿ ಕಾರಿನಿಂದಿಳಿದು ಮೈಮುರಿಯುತ್ತಿದ್ದ.

"ನಿನ್ನ ನಿಂಬಿಹಣ್ಣಿನಿಂದ ಸೋತ್ನೆವ್ವಾ!" ಎಂದು ಹಣೆ ಚಚ್ಚಿಕೊಂಡೆ. ಅವ್ವನ ಕಣ್ಣೂ ತುಂಬಿ ಬಂದವು. ಸೊಸೆಯನ್ನು ಪಕ್ಕಕ್ಕೆ ಕರೆದು ಬೇಡಿಕೊಂಡು, ನನಗೆ ಇನ್ನೊಂದೇ ಒಂದು ರೇಸಿಗೆ ಒಪ್ಪಿಗೆ ಕೊಡಿಸಿದಳು. ಆಮೇಲೆ ನನ್ನ ತಲೆ ಸವರಿ ಅಂದಳು:

"ನಿಂಬಿಹಣ್ಣು ಇಟ್ರೂ ಸೋತಿ ಅಂದ್ರ ದೃಷ್ಟಿ ಭಾಳ ಜಬರ್ದಸ್ತ್ ಐತಿ. ಮುಂದಿನ ಸರ್ತಿ ಕುಂಬಳಕಾಯಿ ಒಡದ ಬಿಡ್ತೇನಿ, ತಡಿ."