ಮೊದಲು ನನ್ನ ಮೇಜು

ಇದನ್ನು ಬರೆಯಬೇಕೆಂದು ಎಷ್ಟು ವರ್ಷದಿಂದ ಕೂರುತ್ತಿದ್ದೇನೋ ಲೆಕ್ಕವಿಲ್ಲ. ಕೂತ ಕೂಡಲೇ ಕನ್ನಡಕ ಒರೆಸಬೇಕೆನಿಸುತ್ತದೆ. ಒರೆಸಿದ ಮೇಲೆ ಕಾಫಿ ಬೇಕೆನಿಸುತ್ತದೆ. ಕುಡಿದ ಮೇಲೆ, ಇಷ್ಟು ಚೆನ್ನಾಗಿರುವ ದಿನವನ್ನು ಯಾಕೆ ಕೆಡಿಸಿಕೊಳ್ಳಲಿ ಎಂದು ಎದ್ದುಬಿಡುತ್ತೇನೆ. ಈವತ್ತು ಮನೆಯಲ್ಲಿ ಕಾಫಿಪುಡಿ ಮುಗಿದಿದೆ. ಹೇಳಿಬಿಡುತ್ತೇನೆ.

ಹುಣಸೂರಿನಲ್ಲಿ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಗತ್ತು ಮಾತ್ರ ಪ್ರಿನ್ಸಿಪಾಲರದು. ನನ್ನಲ್ಲಿ ಒಂದೇ ಕಾನೂನು: ಯಾವ ಸಾಮಾನು ಬೇಕಾದರೂ ಮೊದಲು ನನ್ನ ಮೇಜಿನ ಮೇಲೆ ಹುಡುಕಬೇಕು, ಅಲ್ಲಿ ಇಲ್ಲದಿದ್ದರೆ ಮಾತ್ರ ಬೀರು ತೆಗೆಯಬೇಕು. ಬೀರುವಿನಲ್ಲಿ ಹೊಸ ಸ್ಕ್ರೂಡ್ರೈವರ್ ಇತ್ತು. ಮೇಜಿನ ಮೇಲಿನದು ಮೂತಿ ಸವೆದು ಚಮಚದಂತಾಗಿತ್ತು. ಆದರೂ ಮೊದಲು ಸಿಗುತ್ತಿದ್ದುದು ಅದೇ ಆದ್ದರಿಂದ, ವರ್ಷಗಟ್ಟಲೆ ಎಲ್ಲರೂ ಚಮಚದಲ್ಲೇ ಸ್ಕ್ರೂ ತಿರುಗಿಸಿದರು. ಮನೆಗೂ ಇದೇ ಕಾನೂನು. “ಅಲ್ಲಾ ಕಣ್ರೀ, ನಿಮ್ ಮೇಜಿನ್ ಮೇಲಿರೋ ಕತ್ರೀಲಿ ಬೆಣ್ಣೆನೂ ಕುಯ್ಯಕ್ಕಾಗಲ್ಲ. ಅದ್ನೇ ಮೊದ್ಲು ಹಿಡ್ಕೋಬೇಕು ಅಂದ್ರೆ ಯಾವೂರ್ ನ್ಯಾಯ?” ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಅದಕ್ಕೆ ಶಿಸ್ತು ಅಂತಾರೆ ಎನ್ನುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಟೈಪ್‌ರೈಟರುಗಳನ್ನು ಮೂಲೆಗೆ ಸರಿಸಿ, ನಾಲ್ಕು ಹಳೆಯ ಕಂಪ್ಯೂಟರ್ ತಂದೆ. ಕಲಿಸಲು ಹನಗೋಡಿನಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹೆಣ್ಣುಮಗಳನ್ನು ನೇಮಿಸಿಕೊಂಡೆ. ಮಕ್ಕಳೆಲ್ಲ ‘ಮೇಡಂ’ ಎಂದರೆ ನಾನು ‘ಏನಮ್ಮ’ ಎನ್ನುತ್ತಿದ್ದೆ. ನಮ್ಮ ಕೇಂದ್ರಕ್ಕೆ ಮಾನ್ಯತೆ ಸಿಕ್ಕಿದರೆ ಆಕೆಯ ಕೆಲಸ ಕಾಯಂ ಎಂದು ಮಾತು ಕೊಟ್ಟಿದ್ದೆ. ನೋಡಲು ಬರುವ ಅಧಿಕಾರಿಗೆ ನಾಲ್ಕೂ ಯಂತ್ರಗಳು ಒಂದಕ್ಕೊಂದು ಮಾತಾಡುವುದನ್ನು ತೋರಿಸಬೇಕಿತ್ತು. ಅವುಗಳನ್ನು ನಡೆಸುವ ನಮ್ಮ ಲಿನಕ್ಸ್ ತಂತ್ರಾಂಶಕ್ಕೆ ಆ ಹಳೆಯ ನೆಟ್‌ವರ್ಕ್ ಕಾರ್ಡುಗಳ ಗುರುತೇ ಸಿಗಲಿಲ್ಲ. ಅದರ ಕರ್ನಲನ್ನೇ, ಎಂದರೆ ಅದರ ಒಳಗಿನ ತಿರುಳನ್ನೇ, ಹೊಸದಾಗಿ ಕಟ್ಟಬೇಕು ಎಂದಳು ಆಕೆ.

“ಕಟ್ಸೋಕೆ ಮೇಕ್ ಅಂತ ಒಬ್ಬ ಮೇಸ್ತ್ರಿ ಅವ್ನೆ ಅನ್ಕಳಿ ಸಾರ್. ನಾವ್ ಬರ್ದಿದ್ನ ಯಂತ್ರದ ಭಾಷೆಗೆ ತಿರುಗ್ಸೋ ಕಂಪೈಲರ್ ಬೇಕು ಅಂದ್ರೆ ಅವ್ನು ಬರೀ ಹೆಸ್ರು ಕೂಗ್ತಾನೆ, ಅಷ್ಟೇಯ. ಎಲ್ಲೆಲ್ಲಿ ಹುಡುಕ್ಬೇಕು ಅಂತ ಒಂದು ಪಟ್ಟಿ ಇರ್ತದೆ, ಪಾತ್ ಅಂತ. ಪಟ್ಟೀಲಿ ಮೊದ್ಲು ಎಲ್ಲಿ ಸಿಕ್ತೋ ಅದ್ನೇ ತಗೊಂಡ್ ಬುಡ್ತಾನೆ. ಈ ಕೆಲ್ಸಕ್ಕೆ ಒಗ್ಗೋದಾ, ಅಲ್ವಾ ಅಂತ ನೋಡಕ್ಕಿಲ್ಲ.”

ನನಗೆ ರೋಮಾಂಚನವಾಯಿತು. ಇದು ನನ್ನ ಕಾನೂನೇ! ಆಕೆ ಬಸ್ಸಿಗೆ ಹೊರಟ ಮೇಲೆ ಯಜಮಾನನ ಲಾಗಿನ್ನಿನಲ್ಲಿ, ಅಂದರೆ ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತಿದ್ದ ರೂಟ್‌ನಲ್ಲಿ, ‘ಮೇಜು’ ಎಂಬ ಫೋಲ್ಡರ್ ಮಾಡಿದೆ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಸಿಡಿಯಿಂದ ಸಿಕ್ಕಿದ್ದನ್ನೆಲ್ಲ ಅದರೊಳಗೆ ತುಂಬಿದೆ. ಯಾವ ಕಾಲದ್ದೋ ಒಂದು ಕಂಪೈಲರೂ ಇತ್ತು. ಆ ಲಾಗಿನ್ನಿನ ಪಾತ್ ಪಟ್ಟಿಯ ಮೊದಲ ಸಾಲಿನಲ್ಲಿ ನನ್ನ ಮೇಜನ್ನು ಕೂರಿಸಿ, ನೆಮ್ಮದಿಯಾಗಿ ಮನೆಗೆ ಹೋದೆ.

ಮರುದಿನ ಶುಭಾರಂಭ ಯಜಮಾನನಿಂದಲೇ ಆಗಬೇಕೆಂದು ನನ್ನ ಲಾಗಿನ್ನಿನಲ್ಲೇ ಕಟ್ಟಿಸಿದೆ. ಮೂರು ಗಂಟೆ ಅಕ್ಷರಗಳು ಓಡಿದವು. ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಅರ್ಧ ಸಾಲಿಗೆ ನಿಂತುಬಿಟ್ಟಿತು. ಹಳೆಯ ಕರ್ನಲಿಗೆ ಮರಳಿ ಮತ್ತೊಮ್ಮೆ ಕಟ್ಟಿದೆವು. ಮತ್ತೆ ಅದೇ ಅರ್ಧ ಸಾಲು. ಆಕೆ ತನ್ನ ಲಾಗಿನ್ನಿನಲ್ಲಿ ನೋಡಿಕೊಂಡಳು. ಸರಿಯಾದ ಕಂಪೈಲರೇ ಇತ್ತು.

“ಸಾರ್, ನಿಮ್ ಲಾಗಿನ್ನಲ್ಲಿ ಬೇರೆ ಯಾವ್ದಾರ ಸಿಗ್ತಾ ಅದೇನೋ. ವಿಚ್ ಅಂತ ಟೈಪ್ ಮಾಡಿ, ಕಂಪೈಲರ್ ಹೆಸ್ರು ಹಾಕಿ ಕೇಳಿ, ಎಲ್ಲಿಂದ ತತ್ತದೆ ಅಂತ ಅದೇ ಹೇಳ್ತದೆ.”

“ಏನಮ್ಮ, ನನ್ ಮೇಜನ್ನೇ ತಡಕ್ತೀಯಾ? ಕಲ್ಸಕ್ ಬಂದಿದ್ದೀಯೋ, ನನ್ ತಪ್ಪು ಹುಡುಕಕ್ ಬಂದಿದ್ದೀಯೋ?”

ಆಗಲೇ ಅಧಿಕಾರಿ ಬಂದರು. “ಈಯಮ್ಮನಿಗೆ ಗೊತ್ತಾಗ್ಲಿಲ್ಲ ಸಾರ್” ಎಂದುಬಿಟ್ಟೆ, ಮಕ್ಕಳೆಲ್ಲರ ಎದುರಿಗೇ. ಅವರು ಮುಂದೆ ನೋಡೋಣ ಎಂದು ಹೋದರು. ನಾನು ಆಕೆಗೆ ನಾಳೆಯಿಂದ ಬರಬೇಡ ಎಂದೆ. ಹಾಜರಿ ಪುಸ್ತಕವನ್ನು ಮುಚ್ಚಿ, ನನ್ನ ಮೇಜಿನ ಮೇಲೆ ನೇರವಾಗಿ ಇಟ್ಟು ಹೋದಳು.

ವಾರದ ಮೇಲೆ, ಯಾರೂ ಇಲ್ಲದಾಗ, ಆಕೆ ಹೇಳಿದ್ದನ್ನು ಟೈಪ್ ಮಾಡಿದೆ. ಒಂದೇ ಸಾಲಿನ ಉತ್ತರ ಬಂತು. ಸಾಲಿನ ನಡುವೆ ‘ಮೇಜು’ ಎಂದಿತ್ತು. ಅದನ್ನು ಪಟ್ಟಿಯಿಂದ ಕಿತ್ತು, ಮತ್ತೆ ಕಟ್ಟಿದೆ. ನಾಲ್ಕೂ ಯಂತ್ರಗಳು ಮಾತಾಡತೊಡಗಿದವು. ಅಧಿಕಾರಿ ಎರಡನೇ ಸಲ ಬಂದು ಮಾನ್ಯತೆ ಕೊಟ್ಟು ಹೋದರು. ಆ ಕಾಯಂ ಕೆಲಸಕ್ಕೆ ಬೇರೆ ಯಾರೋ ಬಂದರು.

ಒಂದು ವರ್ಷ ಕಳೆದು ಪಕ್ಕದ ತಾಲೂಕಿನ ಕೊಪ್ಪದ ಬಸ್‌ಸ್ಟಾಪಿನಲ್ಲಿ ಆಕೆ ಸಿಕ್ಕಿದಳು. ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಳಂತೆ. ನಾನು ಮುಖ ತಿರುಗಿಸುವ ಮೊದಲೇ ಹತ್ತಿರ ಬಂದಳು. “ಚೆನ್ನಾಗಿದ್ದೀರಾ ಸಾರ್? ಆ ಕರ್ನಲ್ ಆಮೇಲೆ ಎದ್ತಾ? ಏನಾಗಿತ್ತು?” ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ತಿಳಿದುಕೊಳ್ಳುವ ಆಸೆಯಿತ್ತು. “ಏನೋ ಸಣ್ಣದು ಕಣಮ್ಮ. ನಾನೇ ಸರಿ ಮಾಡ್ದೆ” ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಷ್ಟರಲ್ಲಿ ಬಸ್ಸು ಬಂತು. ಅದು ನನ್ನ ಊರಿನ ಬಸ್ಸಲ್ಲ, ಆದರೂ ಹತ್ತಿಬಿಟ್ಟೆ.

ಕತ್ತರಿಯಿಂದ ಕಂಪೈಲರಿನವರೆಗೆ ಎಲ್ಲವನ್ನೂ ಮೊದಲು ನನ್ನ ಮೇಜಿನಲ್ಲೇ ಹುಡುಕಬೇಕೆಂದು ಜಬರ್ದಸ್ತು ಮಾಡಿದವನು ನಾನು. ತಪ್ಪು ಎಲ್ಲಿದೆ ಎಂದು ಹುಡುಕುವ ದಿನ ಮಾತ್ರ ನೇರವಾಗಿ ಬೇರೆಯವರ ಮೇಜಿಗೆ ಹೋದೆ. ಇಷ್ಟು ಹೊತ್ತು ‘ಆಕೆ’, ‘ಅವಳು’ ಎಂದೇ ನುಣುಚಿಕೊಂಡು ಬಂದಿದ್ದೇನೆ, ನೀವೂ ಗಮನಿಸಿರಬೇಕು. ಹೆಸರು ಮರೆತಿಲ್ಲ. ಆ ಹಾಜರಿ ಪುಸ್ತಕ ಇನ್ನೂ ನನ್ನ ಮೇಜಿನ ಮೇಲೇ ಇದೆ. ತೆರೆದರೆ ಮೊದಲ ಸಾಲಿನಲ್ಲೇ ಸಿಗುತ್ತದೆ: ಎಚ್. ಎನ್. ನಾಗರತ್ನ.